ಸ್ವಂತ ಮನೆ ತಾನೆ, ನಿಮಗೇನು ಖರ್ಚು ಅಂತಾರಲ್ಲ!

ಈ ಮಾತು ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ. ಚಿತ್ರದುರ್ಗದ ಕೋಟೆ ಮಗ್ಗುಲಲ್ಲೇ ಇರೋ ನಮ್ಮ ಮುತ್ತಜ್ಜನ ಕಾಲದ, ಮಣ್ಣಿನ ಚಾವಣಿಯ ಮಾಳಿಗೆ ಮನೇಲಿ ಹೋಂಸ್ಟೇ ನಡೆಸ್ತಿದೀವಿ. ಎರಡು ರೂಮು ಬಾಡಿಗೆಗೆ, ಪಡಸಾಲೆ ಶೂಟಿಂಗ್‌ಗೆ. ಅಷ್ಟೇ ನಮ್ಮ ವ್ಯಾಪಾರ.

ಖರ್ಚೇನು ಅನ್ನೋರು ಒಂದ್ಸಲ ಮಾಳಿಗೆ ಹತ್ತಿ ನೋಡ್ಲಿ. ಮುಂಗಾರು ಹಿಡಿಯೋ ಮುಂಚೆ ಹಳೇ ಮಣ್ಣು ಕೆರೆದು, ಹೊಸ ಕರ್ಲು ಮಣ್ಣು, ಅಂದ್ರೆ ಚೌಳು ಮಣ್ಣು ಹಾಕಿಸಿ, ನೀರು ಚಿಮುಕಿಸಿ ಬಡಿಸ್ಬೇಕು. ಬೆಳಕಿಂಡಿ ಸುತ್ತ ಚೂರು ಸಡಿಲ ಬಿಟ್ರೂ ನೀರು ಇಳಿದು ಚಾವಣಿ ಹೊತ್ತಿರೋ ಮರದ ಜಂತೆ ನೆನೆಯುತ್ತೆ, ಹಿಂದೇನೇ ಗೆದ್ದಲು. ಒಂದು ಜಂತೆ ಬದಲಾಯಿಸ್ಬೇಕಂದ್ರೆ ಅದರ ಮೇಲಿನ ಮಣ್ಣೆಲ್ಲ ಇಳಿಸ್ಬೇಕು. ಈ ಕೆಲಸ ಬಲ್ಲವರು ಸಿಗೋದೇ ಕಷ್ಟ, ಸಿಕ್ಕವರು ಕೇಳಿದಷ್ಟು ಕೂಲಿ ಕೊಡ್ಲೇಬೇಕು.

ಬಂದವರಿಗೆ ಅಟ್ಯಾಚ್ಡ್ ಬಾತ್‌ರೂಮ್ ಬೇಕು. ಎಲ್ಲಿ ಕಟ್ಲಿ? ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟೋ ಹಾಗಿಲ್ಲ, ಅದರಾಚೆ 200 ಮೀಟರ್ ಅನುಮತಿ ಇಲ್ದೆ ಆಗಲ್ಲ. ನಾವಿರೋದು ಆ 100ರ ಒಳಗೇ. ರಿಪೇರಿಗೂ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರ್ಬೇಕು, 1992ರ ಜೂನ್ 16ಕ್ಕಿಂತ ಮೊದಲೇ ಮನೆ ಇತ್ತು ಅಂತ ದಾಖಲೆ ತೋರಿಸ್ಬೇಕು. ಕೋಟೆ ಉಳೀಬೇಕು, ಆ ಕಾನೂನಿನ ಮೇಲೆ ನನಗೆ ತಕರಾರಿಲ್ಲ. ಆದ್ರೆ ಕಾಗದ ಕೈಗೆ ಬರೋ ತನಕ ಮಳೆ ಕಾಯುತ್ತಾ?

ಹೋದ ಭಾನುವಾರ ಪ್ರಿವೆಡ್ಡಿಂಗ್ ಶೂಟ್‌ನವರು ಬಂದಿದ್ರು. ಕೋಟೇಲಿ ತೆಪ್ಪಗೆ ಟಿಕೆಟ್ ತಗೊಂಡು ಒಳಗೆ ಹೋದವರು ನಮ್ಮನೇಲಿ ಒಪ್ಪಿದ ಬಾಡಿಗೇಲಿ ಅರ್ಧ ಕೊಟ್ಟು ಹೊರಟರು. ಅದೂ ಹೋಗ್ಲಿ, ಲೈಟಿನ ಸರ ಕಟ್ಟೋಕೆ ಪಡಸಾಲೆ ಕಂಬಕ್ಕೆ ಮೊಳೆ ಹೊಡೆದಿದಾರೆ! ಕಂಬದ ತಲೆ ಮೇಲಿನ ಬೋದಿಗೆ ಕೆಳಗೆ, ಕೆತ್ತಿದ ಹೂವಿನ ಎಸಳು ಸೀಳಿ ಹೋಗಿದೆ. ಕೇಳಿದ್ರೆ "ಒಂದು ಮೊಳೆಗೆ ಯಾಕಣ್ಣ ಇಷ್ಟು ಸಿಟ್ಟು" ಅಂತ ನನಗೇ ಹೇಳ್ತಾರೆ. ಆ ಕೆತ್ತನೆ ಮಾಡಿದವರು ಇವತ್ತು ಇದ್ದಾರೇನ್ರಿ, ಕರೆಸಿ ಸರಿ ಮಾಡಿಸೋಕೆ?

ಹೊರಗಿನವರನ್ನ ಹೇಗೋ ತಡ್ಕೋಬಹುದು. ನಮ್ಮ ದಾಯಾದಿಗಳು? ಬೆಂಗಳೂರಿಂದ ಫೋನ್ ಮಾಡಿ "ಚೆನ್ನಾಗಿ ದುಡೀತಿದೀಯಂತೆ, ನಮ್ಮ ಪಾಲು ಎಲ್ಲಿ" ಅಂತಾರೆ. ಮಣ್ಣು ಹಾಕಿಸೋವಾಗ ದುಡ್ಡು ಕೇಳಿದ್ರೆ ಒಬ್ಬರೂ ಫೋನ್ ಎತ್ತಲ್ಲ. ದಸರಾ ರಜೆಗೆ ಮಾತ್ರ ಮಕ್ಕಳು ಮರಿ ಕರ್ಕೊಂಡು ಬಂದು, ಬುಕ್ ಆಗಿರೋ ರೂಮಲ್ಲೇ ಮಲಗ್ತಾರೆ. ಗಿರಾಕಿಗೆ ದುಡ್ಡು ವಾಪಸ್ ಕೊಟ್ಟು ಕ್ಷಮೆ ಕೇಳೋನು ನಾನು.

ಈ ಸಲ ಮಣ್ಣಿನ ಖರ್ಚು ಹಂಚಿಕೊಳ್ಳದವರಿಗೆ ದಸರಾಕ್ಕೆ ರೂಮಿಲ್ಲ. ದೊಡ್ಡಪ್ಪಂಗೂ ಹೇಳಿದೀನಿ. ಸಿಟ್ಟಾಗೋರು ಆಗ್ಲಿ.