ಸತ್ಯಾಂಶ: ರೋಬೋಟ್ ತಾನಾಗಿಯೇ ಆಪರೇಷನ್ ಮಾಡುತ್ತದೆಯೇ?

"ರೋಬೋಟಿಕ್ ಸರ್ಜರಿಯಲ್ಲಿ ಡಾಕ್ಟರ್ ಬಟನ್ ಒತ್ತಿ ಹೋಗುತ್ತಾರೆ, ಮಿಕ್ಕಿದ್ದೆಲ್ಲ ಯಂತ್ರವೇ ಮಾಡುತ್ತದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು. ಆಪರೇಷನ್‌ಗೆ ದಿನ ಗೊತ್ತಾಗಿರುವವರನ್ನು ಇದು ಸುಮ್ಮನೆ ಹೆದರಿಸುತ್ತದೆ.

ಔಷಧ, ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2000ದಲ್ಲಿ ಒಪ್ಪಿದ 'ಡಾ ವಿಂಚಿ' ಎಂಬ ಸರ್ಜರಿ ರೋಬೋಟನ್ನೇ ನೋಡಿ. ಸರ್ಜನ್ ಸಾಮಾನ್ಯವಾಗಿ ಅದೇ ಕೋಣೆಯಲ್ಲಿ ಕನ್ಸೋಲ್ (ಯಂತ್ರವನ್ನು ನಡೆಸುವ ನಿಯಂತ್ರಣ ಪೀಠ) ಮುಂದೆ ಕೂತಿರುತ್ತಾರೆ. ಅವರ ಕೈ ಆಡಿದಂತೆ ರೋಗಿಯ ದೇಹದೊಳಗಿನ ಉಪಕರಣ ಆಡುತ್ತದೆ. ಕನ್ಸೋಲ್‌ನ ನೋಡುವ ಕಿಂಡಿಯಿಂದ ತಲೆ ತೆಗೆದರೆ ಸೆನ್ಸರ್ ಅದನ್ನು ಗುರುತಿಸಿ, ಉಪಕರಣಗಳು ಇದ್ದಲ್ಲೇ ನಿಲ್ಲುತ್ತವೆ.

ನನಗೆ ನಿಜವಾಗಿ ಬೆರಗೆನಿಸುವುದು ಉಪಕರಣ ಹೊಟ್ಟೆಯೊಳಗೆ ಹೋಗುವ ದಾರಿ. ಸಣ್ಣ ರಂಧ್ರದಲ್ಲಿ ಕ್ಯಾನುಲಾ ಎಂಬ ಕೊಳವೆ ಕೂರಿಸುತ್ತಾರೆ. ಹೆಚ್ಚಿನ ಉಪಕರಣಗಳಿಗೆ 8 ಮಿಲಿಮೀಟರ್ ಅಗಲದ್ದು. ಒಳಗೆ ಜಾಗವಾಗಲೆಂದು ತುಂಬಿದ ಕಾರ್ಬನ್ ಡೈಆಕ್ಸೈಡ್ ಸೋರದಂತೆ ಅದರ ಬಾಯಿಗೆ ಸೀಲ್ ಇರುತ್ತದೆ. ಕೊಳವೆಯ ಮೇಲೆ ದಪ್ಪನೆಯ ಕಪ್ಪು ಪಟ್ಟಿಯೊಂದಿದೆ. ಅದು ಹೊಟ್ಟೆಯ ಗೋಡೆಯ ಮಟ್ಟಕ್ಕೆ ಸರಿಯಾಗಿ ಕೂರಬೇಕು. ಯಂತ್ರದ ತೋಳು ಎತ್ತ ವಾಲಿದರೂ ಆ ಬಿಂದು ಮಾತ್ರ ಕದಲದಂತೆ ಇಡೀ ವಿನ್ಯಾಸವಿದೆ. ಪಟ್ಟಿ ಜಾಗ ತಪ್ಪಿದರೆ ಪ್ರತಿ ಚಲನೆಗೂ ಗಾಯದ ಅಂಚು ಎಳೆದಾಡುತ್ತದೆ.

ಈ ಕೊಳವೆಯನ್ನು ಕೂರಿಸುವುದು, ತೋಳಿಗೆ ಜೋಡಿಸುವುದು, ನಡುವೆ ಉಪಕರಣ ಬದಲಿಸುವುದು ರೋಗಿಯ ಪಕ್ಕದಲ್ಲಿ ನಿಂತ ತಂಡ. ಯಂತ್ರ ಕೈನಡುಕವನ್ನು ಸೋಸುತ್ತದೆ, ದೊಡ್ಡ ಚಲನೆಯನ್ನು ಚಿಕ್ಕದಾಗಿಸುತ್ತದೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಹೊಲಿಗೆ ಹಾಕಬೇಕು ಎಂಬ ನಿರ್ಧಾರ ಸರ್ಜನ್‌ರದ್ದೇ.