ಹತ್ತುವ ಮೊದಲೇ ಇಳಿಯುವ ಲೆಕ್ಕ

ಅಪ್ಪ ಅಮ್ಮ ಮ್ಯೂನಿಕ್‌ಗೆ ಬಂದಿದ್ದಾಗ ಒಂದು ಶುಕ್ರವಾರ ರಾತ್ರಿ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದೆ. ಮಾರನೇ ದಿನ ಮೂವರೂ ಹೆರ್ಝೋಗ್‌ಸ್ಟಾಂಡ್ ಬೆಟ್ಟಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ಸಂಜೆ ಕೊನೆಯ ಕೇಬಲ್ ಕಾರು ಎಷ್ಟೊತ್ತಿಗೆ ಇಳಿಯುತ್ತದೆ, ಕೆಳಗಿನಿಂದ ಬಸ್ಸು ಎಷ್ಟೊತ್ತಿಗೆ, ಅದು ತಪ್ಪಿದರೆ ಮುಂದಿನದು ಯಾವುದು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಅಮ್ಮ ಬಗ್ಗಿ ನೋಡಿದಳು. "ಅಲ್ಲ ಕಣೋ, ಇನ್ನೂ ಹೊರಟೇ ಇಲ್ಲ. ಆಗಲೇ ವಾಪಸ್ ಬರೋ ಲೆಕ್ಕ ಹಾಕ್ತಾ ಇದ್ದೀಯಲ್ಲ!"

ಅಮ್ಮ ಅಂದಿದ್ದು ನಿಜ. ಈ ಊರಿಗೆ ಬಂದು 9 ವರ್ಷವಾಯಿತು. ಇಲ್ಲಿನ ಜನರಿಂದ ನಾನು ಕಲಿತದ್ದರಲ್ಲಿ ನನಗೆ ತುಂಬ ಬೆಲೆಯದು ಅನ್ನಿಸುವುದು ಈ ಅಭ್ಯಾಸವೇ. ಇವರು ಬೆಟ್ಟಕ್ಕೆ ಹೋಗುವ ದಿನವನ್ನು ಸಂಜೆಯಿಂದ ಬೆಳಿಗ್ಗೆಗೆ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಕೊನೆಯ ಬಸ್ಸು 6ಕ್ಕೆ ಅಂದರೆ, 5 ಗಂಟೆಗೆ ಕೆಳಗಿರಬೇಕು. ಇಳಿಯಲು 2 ಗಂಟೆ. ಮೇಲೆ ಊಟಕ್ಕೆ 1 ಗಂಟೆ. ಹತ್ತಲು 3 ಗಂಟೆ. ಹಾಗಾದರೆ ಎಷ್ಟೊತ್ತಿಗೆ ಮನೆ ಬಿಡಬೇಕು? ನಾವು ಮಾಡುವುದು ಇದಕ್ಕೆ ಪೂರ್ತಿ ತಿರುಗಾಮುರುಗಾ.

ನಾನು ದೊಡ್ಡಬಳ್ಳಾಪುರದವನು. ನಮ್ಮ ಮನೆಯ ತಾರಸಿಯಿಂದ ನಂದಿ ಬೆಟ್ಟ ಕಾಣುತ್ತಿತ್ತು. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 60 ಕಿ.ಮೀ. ಮ್ಯೂನಿಕ್‌ನಿಂದ ಆಲ್ಪ್ಸ್ ಬೆಟ್ಟಗಳ ಬುಡದ ಗಾರ್ಮಿಷ್ ಊರಿಗೆ 90 ಕಿ.ಮೀ. ಹತ್ತಿರ ಆಗುತ್ತದೆ. ಮ್ಯೂನಿಕ್‌ನವರಿಗೆ ಬೆಟ್ಟ ಬೇಕಾದರೆ ಇರುವುದು ದಕ್ಷಿಣ ಒಂದೇ ದಿಕ್ಕು. ನಮಗೆ ಉತ್ತರಕ್ಕೆ ನಂದಿ, ಪಶ್ಚಿಮಕ್ಕೆ ಸಾವನದುರ್ಗ, ಪೂರ್ವಕ್ಕೆ ಕೋಲಾರದ ಅಂತರಗಂಗೆ, ತುಮಕೂರು ರಸ್ತೆಯ ಕಡೆ ಶಿವಗಂಗೆ, ದೇವರಾಯನದುರ್ಗ. ಮಾಕಳಿದುರ್ಗ, ಹುತ್ರಿದುರ್ಗ, ಕೈವಾರ, ಆವಲಬೆಟ್ಟ ಬೇರೆ. ಒಂದು ದೊಡ್ಡ ಊರಿಗೆ ಇಷ್ಟು ಹತ್ತಿರ ಇಷ್ಟೊಂದು ಬೆಟ್ಟ ಸಿಗುವುದು ದೊಡ್ಡ ಪುಣ್ಯ. ಆದರೂ ಬೆಂಗಳೂರಿನ ಗೆಳೆಯರನ್ನು "ಒಂದು ದಿನದ ಮಟ್ಟಿಗೆ ಬೆಟ್ಟಕ್ಕೆ ಹೋಗೋಣವಾ" ಅಂತ ಕೇಳಿದರೆ ಬರುವ ಉತ್ತರ ಒಂದೇ. ರಾತ್ರಿ 3 ಗಂಟೆಗೆ ಎದ್ದು ಬೈಕಲ್ಲೋ ಕಾರಲ್ಲೋ ನಂದಿಗೆ ಹೋಗೋದು, ಸೂರ್ಯ ಹುಟ್ಟೋದು ನೋಡೋದು, ದಾರಿಯಲ್ಲಿ ತಿಂಡಿ ತಿಂದು ವಾಪಸ್ ಬರೋದು.

ಸೂರ್ಯೋದಯ ನೋಡಬಾರದು ಅಂತ ನಾನು ಹೇಳುತ್ತಿಲ್ಲ. ಮಂಜಿನ ಮೇಲೆ ಬೆಳಕು ಬೀಳುವುದನ್ನು ನಂದಿಯಲ್ಲಿ ನಾನೂ ನೋಡಿದ್ದೇನೆ, ಈಗಲೂ ಕಣ್ಣಲ್ಲಿದೆ. ಆದರೆ ಇಡೀ ದಿನವನ್ನು ಒಂದು 10 ನಿಮಿಷಕ್ಕೆ ಕಟ್ಟಿಹಾಕಿದರೆ ಏನಾಗುತ್ತದೆ? ಎಲ್ಲರೂ ಒಂದೇ ಹೊತ್ತಿಗೆ ಒಂದೇ ಗೇಟಿನ ಮುಂದೆ ನಿಲ್ಲುತ್ತಾರೆ. ಮೋಡ ಕವಿದರೆ "ಛೇ, ಬಂದಿದ್ದು ವೇಸ್ಟ್" ಅಂತ ಬೇಜಾರು ಮಾಡಿಕೊಂಡು ಹಿಂದಿರುಗುತ್ತಾರೆ. ಬೆಟ್ಟ ಅಲ್ಲೇ ಇರುತ್ತದೆ. ಅದರ ಕಾಡು, ಕಲ್ಲು, ಹಕ್ಕಿ, ಮೆಟ್ಟಿಲು ಎಲ್ಲವೂ ಇರುತ್ತದೆ. ಅದನ್ನು ನೋಡುವ ಹೊತ್ತಿಗೆ ನಾವು ಟೋಲ್‌ಗೇಟಿನಲ್ಲಿ ನಿಂತಿರುತ್ತೇವೆ.

ಇಲ್ಲಿ ದಿನವನ್ನು ಹಿಡಿದು ನಿಲ್ಲಿಸುವುದು ಒಂದು ಹಳದಿ ಬೋರ್ಡು. ಬೆಟ್ಟದ ಬುಡದಲ್ಲಿ, ದಾರಿ ಕವಲೊಡೆಯುವ ಕಡೆಯೆಲ್ಲ ಅದು ಇರುತ್ತದೆ. ಅದರ ಮೇಲೆ ಎಷ್ಟು ಕಿಲೋಮೀಟರ್ ಅಂತ ಬರೆಯುವುದು ಕಡಿಮೆ, ಎಷ್ಟು ಗಂಟೆ ಅಂತ ಬರೆಯುತ್ತಾರೆ. ದಾರಿ ಸುಲಭವಿದ್ದರೆ ನೀಲಿ ಗುರುತು, ಸ್ವಲ್ಪ ಕಷ್ಟವಿದ್ದರೆ ಕೆಂಪು, ತೀರಾ ಕಷ್ಟವಿದ್ದರೆ ಕಪ್ಪು. ಆ ಗಂಟೆಯ ಹಿಂದೆ ಸರಳವಾದ ಲೆಕ್ಕ ಇದೆ. ಒಂದು ಗಂಟೆಯಲ್ಲಿ 300 ಮೀಟರ್ ಎತ್ತರ ಹತ್ತಬಹುದು, 500 ಮೀಟರ್ ಇಳಿಯಬಹುದು, ಮಟ್ಟಸದಲ್ಲಿ 4 ಕಿ.ಮೀ. ನಡೆಯಬಹುದು. ಎತ್ತರಕ್ಕೆ ಬೇಕಾದ ಹೊತ್ತು, ದೂರಕ್ಕೆ ಬೇಕಾದ ಹೊತ್ತು ಬೇರೆ ಬೇರೆ ಲೆಕ್ಕ ಹಾಕಿ, ಎರಡರಲ್ಲಿ ಚಿಕ್ಕದನ್ನು ಅರ್ಧ ಮಾಡಿ ದೊಡ್ಡದಕ್ಕೆ ಸೇರಿಸಬೇಕು, ಅಷ್ಟೇ. ವಾಲ್ಖೆನ್‌ಸೀ ಕೆರೆ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ, ಅದರ ಪಕ್ಕದ ಹೆರ್ಝೋಗ್‌ಸ್ಟಾಂಡ್ 1731 ಮೀಟರ್. ಅಂದರೆ ಹತ್ತಲಿಕ್ಕೇ 3 ಗಂಟೆ. ಅದಕ್ಕೆ ದೂರದ ಹೊತ್ತಿನ ಅರ್ಧ ಸೇರಿಸಿ. ನಮ್ಮ ಬೆಟ್ಟಗಳಿಗೂ ಈ ಲೆಕ್ಕವನ್ನು ಹಾಕಿಕೊಳ್ಳಬಹುದು. ಬಿಸಿಲು ಜಾಸ್ತಿ ಇರುವುದರಿಂದ ಇನ್ನೊಂದಿಷ್ಟು ಹೊತ್ತು ಸೇರಿಸಿಕೊಂಡರೆ ಆಯಿತು.

ಈ ಬೋರ್ಡುಗಳನ್ನು ನೆಟ್ಟವರು, ದಾರಿಗೆ ಬಿದ್ದ ಮರ ತೆಗೆಯುವವರು ಹೆಚ್ಚಿನ ಕಡೆ ಸರ್ಕಾರದವರಲ್ಲ. ಜರ್ಮನ್ ಆಲ್ಪೈನ್ ಕ್ಲಬ್ ಅಂತ ಬೆಟ್ಟ ಹತ್ತುವವರ ಸಂಘ ಒಂದಿದೆ. 1869ರಲ್ಲಿ ಇದೇ ಮ್ಯೂನಿಕ್‌ನಲ್ಲಿ ಶುರುವಾದದ್ದು. ಸುಮಾರು 30,000 ಕಿ.ಮೀ. ಕಾಲುದಾರಿಯನ್ನು ಅದು ನೋಡಿಕೊಳ್ಳುತ್ತದೆ. ದುಡಿಯುವವರಲ್ಲಿ ಹೆಚ್ಚಿನವರು ರಜೆಯ ದಿನ ಸಲಿಕೆ ಹಿಡಿದು ಬರುವ ಸಾಮಾನ್ಯ ಸದಸ್ಯರು. ಇನ್ನೊಂದು ಸಂಗತಿ ತಿಳಿದಾಗ ನನಗೆ ನಿಜವಾಗಿ ಖುಷಿಯಾಯಿತು. ಮ್ಯೂನಿಕ್ ಇರುವ ಬವೇರಿಯಾ ರಾಜ್ಯಕ್ಕೆ ತನ್ನದೇ ಸಂವಿಧಾನ ಇದೆ, 1946ರದ್ದು. ಅದರ 141ನೇ ವಿಧಿಯಲ್ಲಿ ಕಾಡು, ಬೆಟ್ಟದ ಹುಲ್ಲುಗಾವಲುಗಳಲ್ಲಿ ಓಡಾಡುವುದು, ಕಾಡಿನ ಹಣ್ಣು ಹಂಪಲನ್ನು ಊರ ವಾಡಿಕೆಯಷ್ಟು ಕಿತ್ತುಕೊಳ್ಳುವುದು ಎಲ್ಲರ ಹಕ್ಕು ಅಂತ ಬರೆದಿದ್ದಾರೆ. ಬೆಟ್ಟದಲ್ಲಿ ನಡೆಯುವುದನ್ನು ಸಂವಿಧಾನದಲ್ಲಿ ಬರೆದಿಟ್ಟ ಜನ! ಹಕ್ಕಿನ ಜೊತೆಗೆ ನಡತೆಯೂ ಬಂದಿದೆ. ದನ ಮೇಯುವ ಜಾಗದಲ್ಲಿ ಗೇಟು ತೆಗೆದವರು ಮುಚ್ಚಿಯೇ ಮುಂದೆ ಹೋಗುತ್ತಾರೆ. ಮೇಲೆ ಕಸದ ಡಬ್ಬ ಇರುವುದಿಲ್ಲ, ಬಾಳೆಹಣ್ಣಿನ ಸಿಪ್ಪೆಯೂ ಚೀಲದಲ್ಲೇ ಕೆಳಗೆ ಬರುತ್ತದೆ.

ಆ ಶನಿವಾರ ನಾವು ಬವೇರಿಯಾ ಟಿಕೆಟ್ ತೆಗೆದುಕೊಂಡು ಹೊರಟೆವು. 5 ಜನರವರೆಗೆ ಒಂದೇ ಟಿಕೆಟ್, ದಿನವಿಡೀ ರಾಜ್ಯದ ಯಾವ ಸ್ಥಳೀಯ ರೈಲಾದರೂ ಹತ್ತಬಹುದು, ಬಸ್ಸಿಗೂ ಅದೇ ನಡೆಯುತ್ತದೆ. ಶನಿವಾರ ಭಾನುವಾರ ಬೆಳಗಿನಿಂದಲೇ ನಡೆಯುತ್ತದೆ, ಉಳಿದ ದಿನ 9 ಗಂಟೆಯ ಮೇಲೆ. ಕೋಖೆಲ್‌ವರೆಗೆ ರೈಲು, ಒಂದು ಗಂಟೆಗೂ ಸ್ವಲ್ಪ ಜಾಸ್ತಿ. ಅಲ್ಲಿಂದ ಬಸ್ಸು ಘಾಟಿಯ ತಿರುವುಗಳನ್ನು ಹತ್ತಿ ವಾಲ್ಖೆನ್‌ಸೀ ದಂಡೆಗೆ ಬಿಟ್ಟಿತು. ಅಮ್ಮನಿಗೆ ಮಂಡಿನೋವು, ಹಾಗಾಗಿ ಕೇಬಲ್ ಕಾರು. ಮೇಲೆ ಅಗಲವಾದ ದಾರಿ, ಅದರ ಕೊನೆಗೆ ಊಟದ ಮನೆ. ಅಮ್ಮ ಅಲ್ಲೇ ಹೊರಗಿನ ಬೆಂಚಿನಲ್ಲಿ ಕೂತಳು. ನಾನೂ ಅಪ್ಪನೂ ತುದಿಯ ಮರದ ಮಂಟಪದವರೆಗೆ ಹೋಗಿ ಬಂದೆವು. ಅಲ್ಲಿಂದ ನೋಡಿದರೆ ಒಂದು ಕಡೆ ಮೇಲಿನ ಕೆರೆ, ಇನ್ನೊಂದು ಕಡೆ ಅದಕ್ಕಿಂತ 200 ಮೀಟರ್ ಕೆಳಗೆ ಕೋಖೆಲ್ ಕೆರೆ. ಈ ಎತ್ತರದ ವ್ಯತ್ಯಾಸದಲ್ಲೇ 1924ರಿಂದ ವಿದ್ಯುತ್ ತೆಗೆಯುತ್ತಿದ್ದಾರೆ. "ನಮ್ಮ ಶಿವನಸಮುದ್ರ ಇದಕ್ಕಿಂತ 22 ವರ್ಷ ಮೊದಲು" ಅಂದರು ಅಪ್ಪ. ವಿದ್ಯುತ್ ಇಲಾಖೆಯಲ್ಲಿ ದುಡಿದವರು, 1902 ಅವರಿಗೆ ಬಾಯಿಪಾಠ.

ರೈಲು ಬಸ್ಸಿನಲ್ಲಿ ಹೋಗುವುದರ ನಿಜವಾದ ಲಾಭ ನನಗೆ ತಡವಾಗಿ ಹೊಳೆಯಿತು. ಪೆಟ್ರೋಲ್ ಉಳಿಯುವುದು ಅದರಲ್ಲಿ ಚಿಕ್ಕ ಭಾಗ. ಕಾರು ಇದ್ದರೆ ನೀವು ಮತ್ತೆ ಕಾರು ನಿಲ್ಲಿಸಿದ ಜಾಗಕ್ಕೇ ಬರಬೇಕು. ಇಲ್ಲದಿದ್ದರೆ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯಬಹುದು. ಹೆರ್ಝೋಗ್‌ಸ್ಟಾಂಡ್ ಹತ್ತಿ, ಬೆಟ್ಟಸಾಲಿನ ನೆತ್ತಿಯ ಮೇಲೆ ನಡೆದು ಪಕ್ಕದ ಹೈಮ್‌ಗಾರ್ಟನ್ ಶಿಖರಕ್ಕೆ ಹೋಗಿ, ಆ ಕಡೆ ಓಲ್‌ಸ್ಟಾಟ್ ಊರಿಗೆ ಇಳಿದರೆ ಅಲ್ಲಿ ಬೇರೆ ರೈಲು ಮಾರ್ಗವೇ ಸಿಗುತ್ತದೆ. ಅಂಥ ದಿನ ಬೆಟ್ಟವನ್ನು ದಾಟಿದೆವು ಅನ್ನಿಸುತ್ತದೆ. ಬರೀ ಮುಟ್ಟಿ ಬಂದ ಹಾಗಿರುವುದಿಲ್ಲ.

ಆ ದಾರಿಯನ್ನು ಮೊದಲ ಸಲ ಹಿಡಿದಾಗ ನಾವು ದಾಟಲಿಲ್ಲ. ಜೊತೆಗೆ ನನ್ನ ಆಫೀಸಿನ ಹಿರಿಯರೊಬ್ಬರಿದ್ದರು, ಇಲ್ಲಿಯವರೇ. ರೈಲಿನಲ್ಲೇ ಮಾತಾಗಿತ್ತು. 2 ಗಂಟೆಗೆ ಎಲ್ಲಿದ್ದರೂ ಸರಿ, ಮೋಡ ಕಟ್ಟುತ್ತಿದ್ದರೆ ವಾಪಸ್. ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ, ಆ ನೆತ್ತಿಯ ಮೇಲೆ ಸಿಡಿಲಿಗೆ ಸಿಕ್ಕಿದರೆ ಅಡಗಲು ಜಾಗವಿಲ್ಲ. 2 ಗಂಟೆಯಾದಾಗ ಹೈಮ್‌ಗಾರ್ಟನ್ ತುದಿಯಲ್ಲಿ ನೆಟ್ಟ ಶಿಲುಬೆ ಕಣ್ಣಿಗೆ ಕಾಣುತ್ತಿತ್ತು. ಇನ್ನು 20 ನಿಮಿಷದ ದಾರಿ. ಪಶ್ಚಿಮದಲ್ಲಿ ಕಪ್ಪಾಗುತ್ತಿತ್ತು. ಅವರು ಗಡಿಯಾರ ನೋಡಿದರು, ತಿರುಗಿದರು. ವಾದ ಇಲ್ಲ, ಬೇಸರ ಇಲ್ಲ. ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ಇಷ್ಟು ಹತ್ತಿರ ಬಂದು ಬಿಡುವುದಾ ಅಂತ. ಊಟದ ಮನೆಯ ಬಾಗಿಲು ಸೇರುವ ಹೊತ್ತಿಗೆ ಆಲಿಕಲ್ಲು ಬೀಳುತ್ತಿತ್ತು.

ಆಗ ನನಗೆ ಮಾಕಳಿದುರ್ಗ ನೆನಪಾಯಿತು. ಕಾಲೇಜಿನ ದಿನಗಳಲ್ಲಿ 6 ಜನ ಗೆಳೆಯರು ಮಧ್ಯಾಹ್ನ ಊಟ ಮಾಡಿ ಹೊರಟಿದ್ದೆವು. ರೈಲು ಹಳಿಯ ಪಕ್ಕ ನಡೆದು, ಹತ್ತಿ, ಮೇಲಿನ ಕೋಟೆಯಲ್ಲಿ ಹಾಡು ಹೇಳುತ್ತಾ ಕೂತೆವು. ಹತ್ತುವುದು ಎಷ್ಟೊತ್ತು ಅಂತ ಯೋಚಿಸಿದ್ದೆವು, ಇಳಿಯುವುದನ್ನು ಯಾರೂ ಯೋಚಿಸಿರಲಿಲ್ಲ. ಕತ್ತಲಾಯಿತು. ದಾರಿ ತಪ್ಪಿತು. ಒಬ್ಬನ ಪಾದ ಉಳುಕಿತು. ಇದ್ದದ್ದು ಒಂದೇ ಟಾರ್ಚ್, ಅದನ್ನು ಕೆಳಗಿನ ಊರಿನ ಕಡೆ ಸುಮ್ನೆ ಬೀಸಿದೆವು. ನೋಡಿದವರಿಗೆ ಅದೇನೆಂದು ಹೇಗೆ ಗೊತ್ತಾಗಬೇಕು? ಇಲ್ಲಿ ಬೆಟ್ಟಕ್ಕೆ ಹೋಗುವವರು ಕಲಿಯುವ ಮೊದಲ ಪಾಠಗಳಲ್ಲಿ ಇದೂ ಒಂದು. ಕಷ್ಟದಲ್ಲಿದ್ದರೆ ಒಂದು ನಿಮಿಷದಲ್ಲಿ 6 ಸಲ ಬೆಳಕು ತೋರಿಸಬೇಕು ಅಥವಾ ಸಿಳ್ಳೆ ಹಾಕಬೇಕು, ಒಂದು ನಿಮಿಷ ಬಿಟ್ಟು ಮತ್ತೆ 6 ಸಲ. ನೋಡಿದವರು ನಿಮಿಷಕ್ಕೆ 3 ಸಲ ಉತ್ತರ ಕೊಡುತ್ತಾರೆ. ಇಷ್ಟು ಚಿಕ್ಕ ವಿಷಯ. ನಮ್ಮ ಶಾಲೆಗಳಲ್ಲಿ, ಬೆಟ್ಟದ ಟಿಕೆಟ್ ಕೌಂಟರ್‌ಗಳಲ್ಲಿ ಒಂದು ಬೋರ್ಡಿನಲ್ಲಿ ಬರೆದು ಹಾಕಿದರೆ ಸಾಕು, ಅಲ್ವಾ?

ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತಲ್ಲ. ಭಾನುವಾರ ಸಂಜೆ ಬೆಟ್ಟದ ಕಡೆಯಿಂದ ಬರುವ ಹೆದ್ದಾರಿಗಳಲ್ಲಿ ಕಾರುಗಳು ಕದಲುವುದಿಲ್ಲ. 2020ರಲ್ಲಿ ಎಲ್ಲ ಕಡೆ ಓಡಾಟಕ್ಕೆ ತಡೆ ಬಿದ್ದಾಗ ಮ್ಯೂನಿಕ್‌ನವರು ಈ ಕೆರೆ ದಂಡೆಗಳಿಗೇ ನುಗ್ಗಿದರು, ಅಲ್ಲಿನ ಊರಿನವರು ಸಿಟ್ಟಾದರು. ತಮ್ಮ ಮನೆ ಮುಂದೆ ಕಂಡವರೆಲ್ಲ ಕಾರು ನಿಲ್ಲಿಸಿದರೆ ಯಾರಿಗೆ ಬೇಜಾರಾಗುವುದಿಲ್ಲ? ನಂದಿ ಸುತ್ತಲ ಹಳ್ಳಿಯವರಿಗೂ ಆಗುವುದು ಅದೇ.

ಮತ್ತೆ ಒಂದು ವಿಷಯದಲ್ಲಿ ನಮ್ಮ ರೀತಿಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಇಲ್ಲಿ ಬೆಟ್ಟ ಹತ್ತುವವರಿಗೆ ಬೂಟು, ಕೋಲು, ಜಾಕೆಟ್ಟು ಎಲ್ಲ ಇರಬೇಕು. ನಮ್ಮ ಬೆಟ್ಟಗಳನ್ನು ಜನ ಬರಿಗಾಲಲ್ಲಿ ಹತ್ತಿದ್ದಾರೆ. ಶಿವಗಂಗೆಯಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರನ್ನು, ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುವ ಹೆಂಗಸರನ್ನು ನೋಡಿದ್ದೇನೆ. ನನ್ನ ಅಜ್ಜಿ ಆಷಾಢದಲ್ಲಿ ನಂದಿ ಗಿರಿ ಪ್ರದಕ್ಷಿಣೆಗೆ ಹೋಗುತ್ತಿದ್ದಳು. ಬೆಟ್ಟದ ತುದಿಗೆ ಹತ್ತುವುದಲ್ಲ, ಬೆಟ್ಟದ ಸುತ್ತ ನಡೆಯುವುದು. ಸೆರಗಿನಲ್ಲಿ ಹುರಿಗಡಲೆ ಬೆಲ್ಲ ಕಟ್ಟಿಕೊಂಡು, ದಾರಿಯಲ್ಲಿ ಸಿಕ್ಕವರಿಗೆಲ್ಲ ಹಂಚುತ್ತಾ. ಕತ್ತಲಾಗುವುದರೊಳಗೆ ಎಲ್ಲಿ ತಂಗುವುದು, ನೀರು ಎಲ್ಲೆಲ್ಲಿ ಸಿಗುತ್ತದೆ, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು. ಇಲ್ಲಿನವರ ಚೀಟಿಯ ಲೆಕ್ಕ ಅವಳ ತಲೆಯಲ್ಲಿತ್ತು. ನಡೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮೇಲಿನವರೆಗೆ ಕಾರು ಹೋಗುವ ರಸ್ತೆಯಾದ ಮೇಲೆ ಅದು ಹಿಂದೆ ಸರಿಯಿತು.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆಯಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದಿತು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಅದು ಬೇಕಾಗಿತ್ತು. ಆದರೆ ಬಾಗಿಲಲ್ಲಿ ತಡೆಯುವುದು ಒಂದು ಕೆಲಸ, ಬೇರೆ ಬಾಗಿಲು ತೆಗೆಯುವುದು ಇನ್ನೊಂದು. ನಂದಿಗೆ ರೋಪ್‌ವೇ ಮಾಡಲು 2023ರಲ್ಲಿ ಶಂಕುಸ್ಥಾಪನೆ ಆಯಿತು. ನನ್ನ ಅಮ್ಮನಂಥವರಿಗೆ ಅದು ಬೇಕು, ಬೇಡ ಅನ್ನುವುದಿಲ್ಲ. ಅದರ ಜೊತೆಗೇ ಸುಲ್ತಾನಪೇಟೆಯ ಕಡೆಯಿಂದ ಹತ್ತುವ ಹಳೇ ಮೆಟ್ಟಿಲ ದಾರಿಯನ್ನೂ ಚೆನ್ನಾಗಿ ನೋಡಿಕೊಳ್ಳಲಿ. ಅದರ ಬುಡದಲ್ಲಿ ಹತ್ತಲು ಎಷ್ಟು ಹೊತ್ತು, ಇಳಿಯಲು ಎಷ್ಟು ಹೊತ್ತು, ಸಂಜೆ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಲಿ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ಮಾರ್ಗದಲ್ಲಿ ನಂದಿ ಹಾಲ್ಟ್ ಅನ್ನುವ ನಿಲ್ದಾಣವೇ ಇದೆ. ಬೆಟ್ಟದ ಹೆಸರಿನ ನಿಲ್ದಾಣ ಬೆಟ್ಟದ ಬಳಿಯೇ ಇರುವುದು ಎಷ್ಟು ಊರುಗಳಿಗೆ ಸಿಗುತ್ತದೆ?

ನನ್ನ ತಂಗಿ ಯಲಹಂಕದಲ್ಲಿದ್ದಾಳೆ. ಮುಂದಿನ ಸಲ ರಜೆಗೆ ಬಂದಾಗ ಕಾರು ಬೇಡ, ರೈಲಲ್ಲಿ ಹೋಗೋಣ ಅಂತ ಹೇಳಿದ್ದೇನೆ. ಬೆಳಿಗ್ಗೆ ನಂದಿ ಹಾಲ್ಟ್‌ನಲ್ಲಿ ಇಳಿಯುವುದು, ಭೋಗ ನಂದೀಶ್ವರನಿಗೆ ಕೈ ಮುಗಿದು ಮೆಟ್ಟಿಲ ದಾರಿ ಹಿಡಿಯುವುದು, ಮೇಲೆ ಯೋಗ ನಂದೀಶ್ವರನ ಗುಡಿಯ ಹತ್ತಿರ ಬುತ್ತಿ ಬಿಚ್ಚುವುದು. ಪುಳಿಯೋಗರೆ, ಮೊಸರನ್ನ ಅವಳ ಪಾಲಿಗೆ. ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ಕೇಳಿಸಿಕೊಂಡು ಅವಳು ಕೇಳಿದ ಮೊದಲ ಪ್ರಶ್ನೆ ಇದು: "ಎಲ್ಲಾ ಸರಿ ಅಣ್ಣ, ವಾಪಸ್ ಬರೋಕೆ ರೈಲು ಎಷ್ಟೊತ್ತಿಗೆ?"