2034ರ ದರ್ಶನ ಮತ್ತು ಸೋರುವ ಹಂಚು

ಯೇಸುವಿನ ಶಿಷ್ಯ ಪೇತ್ರನಿಗೆ ದರ್ಶನವಾದದ್ದು ಯೊಪ್ಪದ ಒಂದು ಮಾಳಿಗೆಯ ಮೇಲೆ, ಮಟಮಟ ಮಧ್ಯಾಹ್ನ, ಹೊಟ್ಟೆ ಹಸಿದಿದ್ದಾಗ. ನಮ್ಮ ಸಭಾಪ್ರಾಂತಕ್ಕೆ (ಬಿಷಪ್ಪರ ಆಡಳಿತದ ಚರ್ಚುಗಳ ವಲಯಕ್ಕೆ) ದರ್ಶನವಾದದ್ದು ಹವಾನಿಯಂತ್ರಿತ ಸಭಾಂಗಣದಲ್ಲಿ, ಊಟವಾದ ಮೇಲೆ. ಪೇತ್ರನ ಎದುರು ಆಕಾಶದಿಂದ ಇಳಿದ ದುಪ್ಪಟಿಯಲ್ಲಿ ಸಕಲ ಪ್ರಾಣಿಗಳೂ ಇದ್ದವು. ನಮ್ಮಲ್ಲಿ ಅವು ಆಗಲೇ ಬಿರಿಯಾನಿಯಾಗಿದ್ದವು.

1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. 2034ಕ್ಕೆ ಇನ್ನೂರು ವರ್ಷ ತುಂಬುತ್ತದೆ. ಅಷ್ಟರೊಳಗೆ ನಾವು ಎಷ್ಟು ಬೆಳೆಯಬೇಕು ಎಂದು ನಿರ್ಧರಿಸುವುದಕ್ಕೆ ‘ಭವಿಷ್ಯದ ಸೇವೆ ಮತ್ತು ಬೆಳವಣಿಗೆ ಯೋಜನಾ ಸಮಿತಿ’ ರಚನೆಯಾಗಿದೆ. ಮೊದಲ ಬೆಳವಣಿಗೆ ಸಮಿತಿಯದ್ದೇ: ಒಂದಿದ್ದದ್ದು ಮೂರು ತಿಂಗಳಲ್ಲಿ ಒಂಬತ್ತು ಉಪಸಮಿತಿಗಳಾಯಿತು. ಬೈಬಲಿನ ಸುವಾರ್ತೆಯ ಕಥೆಯಲ್ಲಿ ಸಾಸಿವೆ ಕಾಳು ಮೊಳೆತು ಮರವಾದ ಮೇಲೆ ಹಕ್ಕಿಗಳು ಬಂದು ಕೊಂಬೆಯಲ್ಲಿ ಕೂತವು. ನಮ್ಮಲ್ಲಿ ಹಕ್ಕಿಗಳು ಮೊದಲೇ ಬಂದು ಕೂತಿವೆ, ಕಾಳನ್ನು ಹುಡುಕಲು ಟೆಂಡರ್ ಕರೆಯಲಾಗಿದೆ.

ಹೊಳಪು ಕಾಗದದ ಕರಡು ಯೋಜನೆಯನ್ನು ನನಗೂ ಒಂದು ಕೊಟ್ಟರು. ಊರೂರಿನ ಚರ್ಚು ಸಭೆಗಳ ಆತ್ಮಿಕ ಬೆಳವಣಿಗೆಗೆ ಒಂದೂವರೆ ಪುಟ, ಅದರಲ್ಲಿ ಅರ್ಧ ಪುಟ ಫೋಟೋ. ಆಸ್ತಿ ಅಭಿವೃದ್ಧಿಗೆ ಮೂವತ್ತು ಪುಟ. ಮುಖ್ಯರಸ್ತೆಗೆ ತಾಗಿದ ಕಾಂಪೌಂಡಿನಲ್ಲಿ ವಾಣಿಜ್ಯ ಸಂಕೀರ್ಣ ಎದ್ದರೆ ಸೇವೆ ಹೇಗೆ ವಿಸ್ತರಿಸುತ್ತದೆ ಎಂಬುದನ್ನು ಚದರ ಅಡಿಯಲ್ಲಿ ವಿವರಿಸಿದ್ದಾರೆ. ಯುವಜನರು ಆರಾಧನೆಗೆ ಯಾಕೆ ಬರುತ್ತಿಲ್ಲ ಎಂಬ ಉಪಸಮಿತಿಯ ಸಂಚಾಲಕರಿಗೆ ಎಪ್ಪತ್ತೊಂದು ವರ್ಷ. ಅಲ್ಲಿದ್ದ ಒಬ್ಬನೇ ಹುಡುಗ ಲ್ಯಾಪ್‌ಟಾಪಿನ ವೈರು ಹಿಡಿದುಕೊಂಡಿದ್ದ; ಅವನನ್ನು ಯಾರೂ ಏನೂ ಕೇಳಲಿಲ್ಲ. ಉಳಿದ ಹುಡುಗರು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾರೆ, ಸುಗ್ಗಿ ಹಬ್ಬದ ಏಲಂನಲ್ಲಿ ಕುಂಬಳಕಾಯಿಗೆ ಫೋನಿನಲ್ಲೇ ಸವಾಲು ಕೂಗುತ್ತಾರೆ.

ಚರ್ಚಿನ ಚುನಾವಣೆಯ ಅಧ್ಯಾಯವೇ ಇಲ್ಲ. ನಮ್ಮ ಸಿಎಸ್ಐನ (ದಕ್ಷಿಣ ಭಾರತ ಸಭೆಯ) ಅತ್ಯುನ್ನತ ಮಂಡಳಿಯಾದ ಸಿನೊಡ್‌ನ ಆಡಳಿತ ನೋಡಿಕೊಳ್ಳಲು ಮದರಾಸು ಹೈಕೋರ್ಟು 2024ರಲ್ಲಿ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿದ ಮೇಲೆ ಆ ವಿಷಯವನ್ನು ಎತ್ತುವುದು ಯಾರಿಗೆ ತಾನೇ ಇಷ್ಟ? ವಕೀಲರ ಶುಲ್ಕ ಮಾತ್ರ ‘ಇತರೆ ಸೇವೆಗಳು’ ಎಂಬ ತಲೆಬರಹದಡಿ ತಣ್ಣಗೆ ಕೂತಿದೆ.

ಸಮಿತಿಯ ರೋಗ ನಮಗೆ ಹೊಸದಲ್ಲ, ಅದು ಪಿತ್ರಾರ್ಜಿತ. ಬಾಸೆಲ್‌ನಲ್ಲಿ ಕೂತ ‘ಕಮಿಟಿ’ಯ ಒಪ್ಪಿಗೆಯಿಲ್ಲದೆ ಮಿಷನರಿಯೊಬ್ಬ ಮದುವೆಯನ್ನೂ ಆಗುವಂತಿರಲಿಲ್ಲ. ಆದರೆ ಕಾಗದ ಹಡಗಿನಲ್ಲಿ ಹೋಗಿ ಉತ್ತರ ಬರುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಆ ಬಿಡುವಿನಲ್ಲೇ ಅವರು ಎಲ್ಲವನ್ನೂ ಮಾಡಿ ಮುಗಿಸಿದರು ಎಂದು ನನ್ನ ಗುಮಾನಿ. 1841ರಲ್ಲಿ ಮುದ್ರಣಾಲಯ, 1843ರಲ್ಲಿ ಮೋಗ್ಲಿಂಗರ ಮಂಗಳೂರ ಸಮಾಚಾರ ಪತ್ರಿಕೆ, 1865ರಲ್ಲಿ ಹಂಚಿನ ಕಾರ್ಖಾನೆ, 1894ರಲ್ಲಿ ಕಿಟೆಲ್ಲರ ನಿಘಂಟು. ಕಿಟೆಲ್ಲರನ್ನು ನಮ್ಮ ಸಮಿತಿಯ ಕೈಗೆ ಕೊಟ್ಟಿದ್ದರೆ ‘ಅ’ ಅಕ್ಷರದ ಕಾರ್ಯಸಾಧ್ಯತಾ ವರದಿ ಇನ್ನೂ ಬರುತ್ತಿತ್ತು. ಈಗ ಕಮಿಟಿ ವಾಟ್ಸಾಪಿನಲ್ಲೇ ವಾಸವಾಗಿದೆ. ಕೆಲಸ ಶುರುವಾಗುವ ಮೊದಲೇ ಉತ್ತರ ಬಂದುಬಿಡುತ್ತದೆ, ಅದು ಸಾಮಾನ್ಯವಾಗಿ ‘ಮುಂದಿನ ಸಭೆಯಲ್ಲಿ ನೋಡೋಣ’.

ಕರಡನ್ನು ಊರೂರಿನ ಸಭೆಗಳಿಗೂ ತಂದು ತೋರಿಸಿದರು. ನಮ್ಮ ಚರ್ಚಿನಲ್ಲಿ ತೋರಿಸಿದ ದಿನ ಜುಲೈ ತಿಂಗಳ ಮಳೆ. ಸಮಿತಿಯ ಸಂಚಾಲಕರು ‘ಸುಸ್ಥಿರ’ ಎಂದಾಗಲೆಲ್ಲ ಮೂರನೆಯ ಬೆಂಚಿನ ಪಕ್ಕದ ಬಕೆಟ್ಟಿಗೆ ಟಪ್ ಎಂದು ಒಂದು ಹನಿ ಬೀಳುತ್ತಿತ್ತು. ದೇಶಕ್ಕೆಲ್ಲ ಹಂಚು ಹೊದಿಸಿದವರ ಮನೆಯ ಮಾಡಿನಲ್ಲಿ ಒಂದು ಹಂಚು ಒಡೆದು ಎರಡು ಮಳೆಗಾಲವಾಗಿತ್ತು. ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದರು. ಗಂಟೆ ಬಾರಿಸುವ ಮುದುಕಪ್ಪ ಎದ್ದು ನಿಂತರು.

“ಅಯ್ಯನವರೇ, ಒಂದು ಹಂಚು ಬದಲಾಯಿಸಬೇಕಿತ್ತು.”

ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಸಂಚಾಲಕರ ಮುಖ ನೋಡಿದರು. ಸಂಚಾಲಕರು ಕರಡಿನ ಪುಟ ತಿರುವಿದರು. ಅದು ಆಸ್ತಿ ಉಪಸಮಿತಿಯ ವ್ಯಾಪ್ತಿಗೆ ಬರುತ್ತದೆ, ಆಸ್ತಿ ಉಪಸಮಿತಿ ಯೋಜನೆಗೆ ಅಂತಿಮ ಒಪ್ಪಿಗೆ ಸಿಕ್ಕ ಮೇಲೆ ಕಾರ್ಯಾರಂಭ ಮಾಡುತ್ತದೆ, ಅಲ್ಲಿಯವರೆಗೆ ಎಲ್ಲರೂ ಪ್ರಾರ್ಥಿಸಬೇಕು ಎಂದರು. ಪ್ರಾರ್ಥಿಸಿದೆವು. ಚಹಾ ಕುಡಿದೆವು.

ಮರುದಿನ ಮಳೆ ಸ್ವಲ್ಪ ಬಿಟ್ಟಿತ್ತು. ಮುದುಕಪ್ಪ ತಮ್ಮ ಮನೆಯ ದನದ ಕೊಟ್ಟಿಗೆಯಿಂದ ಒಂದು ಹಳೆಯ ಹಂಚು ತೆಗೆದುಕೊಂಡು, ಮೊಮ್ಮಗನಿಗೆ ಏಣಿ ಹಿಡಿಯಲು ಹೇಳಿ, ಹತ್ತು ನಿಮಿಷದಲ್ಲಿ ಹಾಕಿ ಇಳಿದರು. ಮೊನ್ನೆ ಭಾನುವಾರ ಬಕೆಟ್ಟು ಇರಲಿಲ್ಲ. ಸೋಮವಾರ ಅವರಿಗೆ ನೋಟಿಸು ಬಂದಿದೆ: ಯಾರ ಅನುಮತಿಯಿಂದ ಮಾಡು ಹತ್ತಿದಿರಿ ಎಂದು ಏಳು ದಿನದೊಳಗೆ ಲಿಖಿತ ವಿವರಣೆ ಕೊಡಬೇಕು, ಮೂರು ಪ್ರತಿಗಳಲ್ಲಿ.